ಮುತ್ತಿನ ಹಾರ, ಕೊಯ್ದ ಕಣ್ಣಿ

ಮಾತು ಹೇಗಿರಬೇಕೆಂಬುದನ್ನು ಕುರಿತ ಬಸವಣ್ಣನವರ ವಚನವೊಂದು ಸದ್ಭಕ್ತರೆಲ್ಲರ ನಾಲಗೆಯ ಮೇಲಿದೆ. ಶಾಲೆಯ ಗೋಡೆಗಳ ಮೇಲೆ, ಮಠಗಳ ಪ್ರಾಂಗಣದಲ್ಲಿ, ಮದುವೆಯ ಆಮಂತ್ರಣ ಪತ್ರಿಕೆಯ ಅಂಚಿನಲ್ಲಿ ಸಹ ಅದು ಕಾಣಸಿಗುತ್ತದೆ. ನುಡಿಯನ್ನು ಮೊದಲು ಮುತ್ತಿಗೆ, ಅನಂತರ ಮಾಣಿಕ್ಯದ ಬೆಳಕಿಗೆ, ಅದರಾಚೆಗೆ ಸ್ಫಟಿಕಕ್ಕೆ ಹೋಲಿಸುತ್ತ ಏರುವ ಆ ವಚನ ನಾಲ್ಕನೆಯ ಹೆಜ್ಜೆಯಲ್ಲಿ ಲಿಂಗದ ಮೆಚ್ಚುಗೆಯನ್ನೇ ಬೇಡುತ್ತದೆ. ಆದರೆ ವಚನ ಅಲ್ಲಿಗೆ ಮುಗಿಯುವುದಿಲ್ಲ. ನುಡಿಗೆ ತಕ್ಕ ನಡೆ ಇಲ್ಲದೆ ಹೋದರೆ ಗತಿಯೇನೆಂಬ ಪ್ರಶ್ನೆ ಕೊನೆಗೆ ಬರುತ್ತದೆ. ಗೋಡೆಯ ಮೇಲೆ ಬರೆಸುವವರು ಅನೇಕ ವೇಳೆ ಸ್ಥಳ ಸಾಲದೆ ಮೊದಲ ಭಾಗವನ್ನಷ್ಟೇ ಬರೆಸಿ, ಕೆಳಗೆ ಬಸವಣ್ಣನವರ ಹೆಸರು ಹಾಕಿ ಬಿಟ್ಟುಬಿಡುತ್ತಾರೆ. ಹೀಗೆ ಸ್ಥಳವಿಲ್ಲದೆ ಬಿಟ್ಟುಹೋದ ಮಾತು ಕಥೆಗಾರರೊಬ್ಬರನ್ನು ನಾಲ್ಕು ವರ್ಷ ಕಾಡಿದ ಪ್ರಸಂಗವೊಂದುಂಟು.

ಅಥಣಿ ತಾಲ್ಲೂಕಿನ ಸತ್ತಿ ಕೃಷ್ಣಾ ನದಿಯ ದಂಡೆಯ ಊರು. ಕಬ್ಬಿನ ತೋಟಗಳ ನಡುವೆ ಅಲ್ಲಲ್ಲಿ ಚದುರಿದ ತೋಟದ ಮನೆಗಳು, ಶ್ರಾವಣ ಬಂದರೆ ಪ್ರವಚನ, ಹೊಳೆ ಏರಿದರೆ ಎಲ್ಲರ ಕಣ್ಣೂ ಅದರ ಮೇಲೆ. ಆ ಊರಿನ ಒಬ್ಬರು ಪ್ರಾಥಮಿಕ ಶಾಲೆಯ ಶಿಕ್ಷಕರು. ಕಥೆಗಾರರಾಗಬೇಕೆಂಬುದು ಅವರ ಚಿಕ್ಕಂದಿನ ಹಂಬಲ. ಹೆಸರು ಬೇಡವೆಂಬುದು ಅವರ ವಿನಂತಿಯಾದ್ದರಿಂದ ಇಲ್ಲಿ ಮಾಸ್ತರರೆಂದೇ ಕರೆಯಬಹುದು. ತಾಯಿ ಅಕ್ಷರ ಕಲಿತವರಲ್ಲ. ಆದರೆ ನಲವತ್ತು ವರ್ಷ ತಪ್ಪದೆ ಪ್ರವಚನ ಕೇಳಿದವರಾದ್ದರಿಂದ ವಚನಗಳು ಅವರಿಗೆ ಬಾಯಿಪಾಠ. ಮಾಸ್ತರರ ಮೇಜಿನ ಎದುರಿನ ಗೋಡೆಗೆ ಮೇಲೆ ಹೇಳಿದ ವಚನದ ಪೂರ್ವಾರ್ಧ, ಅವರದೇ ದುಂಡನೆಯ ಅಕ್ಷರದಲ್ಲಿ, ಅಂಟಿಸಲ್ಪಟ್ಟಿತ್ತು.

ಅವರು ಬರೆಯಬಯಸಿದ ಕಥೆ 2019ರ ಆಗಸ್ಟ್ ತಿಂಗಳ ಮಹಾಪೂರದ್ದು. ಮಹಾರಾಷ್ಟ್ರದ ಘಟ್ಟಗಳಲ್ಲಿ ಸುರಿದ ಮಳೆಗೆ ಕೊಯ್ನಾ ಮೊದಲಾದ ಜಲಾಶಯಗಳಿಂದ ನೀರು ಬಿಡಲಾಗಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಒಟ್ಟಿಗೆ ಉಕ್ಕಿದವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ನದಿತೀರದ ಊರುಗಳು ಜಲಾವೃತವಾದವು. 2005ರ ಪೂರವನ್ನು ಕಂಡ ಹಿರಿಯರು ನೀರು ಆ ಗುರುತಿನಾಚೆಗೆ ಬಾರದೆಂದು ನಂಬಿದ್ದರು. ಬಂತು. ಸರಕಾರ ತೆರೆದ ಪರಿಹಾರ ಕೇಂದ್ರಗಳನ್ನು ಜನ ಹಳೆಯ ರೂಢಿಯಂತೆ ಗಂಜಿ ಕೇಂದ್ರವೆಂದೇ ಕರೆದು, ಗಂಟುಮೂಟೆ ಕಟ್ಟಿಕೊಂಡು ಶಾಲೆಗಳ ಕೋಣೆಗಳಲ್ಲಿ ವಾರಗಟ್ಟಲೆ ಕಳೆದರು. ಮಾಸ್ತರರ ತಾಯಿ ಒಂದು ರಾತ್ರಿ, ತೋಟದ ಮನೆಯ ಕೊಟ್ಟಿಗೆಗೆ ನೀರು ನುಗ್ಗಿದಾಗ, ಎದೆಮಟ್ಟದ ನೀರಿನಲ್ಲಿ ಹೋಗಿ ಎಮ್ಮೆಯನ್ನು ಉಳಿಸಿ ತಂದಿದ್ದರು. ಕಥೆಯ ತಿರುಳು ಅಷ್ಟೇ. ಆ ಒಂದು ರಾತ್ರಿ, ಒಬ್ಬ ತಾಯಿ, ಒಂದು ಎಮ್ಮೆ.

ಮರುವರ್ಷ ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಅವರು ಬರೆಯಲು ಕುಳಿತರು. ಮೊದಲ ಪುಟ ಮೂರು ದಿನಗಳಲ್ಲಿ ಸಿದ್ಧವಾಯಿತು. ನಾಲ್ಕನೆಯ ದಿನ ಓದಿ ನೋಡಿದಾಗ ಅದರಲ್ಲಿ ಮುತ್ತು ಒಂದೂ ಕಾಣಲಿಲ್ಲ, ಹರಿದು ಹಾಕಿದರು. ಅಂದಿನಿಂದ ಹರಿಯುವುದೇ ಒಂದು ನೇಮವಾಯಿತು. ತಾಯಿ ಎಮ್ಮೆಯ ಕೊರಳ ಕಣ್ಣಿಯ ಗಂಟನ್ನು ಬಿಚ್ಚುವ ಸಂದರ್ಭಕ್ಕೆ ಬಂದೊಡನೆ ಬರವಣಿಗೆ ನಿಲ್ಲುತ್ತಿತ್ತು. ಆ ಒಂದು ವಾಕ್ಯವನ್ನು ಅವರು ಎಷ್ಟು ಸಲ ತಿದ್ದಿರಬಹುದೆಂಬುದಕ್ಕೆ ಲೆಕ್ಕವಿಲ್ಲ. ಬೆಳುದಿಂಗಳು ಬಂತು, ಹೋಯಿತು, ಮತ್ತೆ ಬಂತು. ಗಂಟು ಒಮ್ಮೆ ಮೊಗ್ಗಿನಂತೆ ಬಿಚ್ಚಿತು, ಒಮ್ಮೆ ಮುನಿಸಿನಂತೆ ಸಡಿಲಾಯಿತು. ಪಕ್ಕದಲ್ಲಿ ಮಗ ಕಂದೀಲು ಹಿಡಿದು ನಿಂತಿದ್ದ. ಕಂದೀಲಿನ ಬೆಳಕು ನೀರಿನ ಮೇಲೆ ಹೇಗೆ ಬೀಳುತ್ತಿತ್ತೆಂಬುದನ್ನು ವರ್ಣಿಸಲು ಅರ್ಧ ಮಳೆಗಾಲ ಕಳೆಯಿತು. ಮುಂದಿನ ಪುಟಕ್ಕೆ ಹೋಗಬೇಕೆಂದರೆ ಈ ಪುಟ ಪರಿಶುದ್ಧವಾಗಬೇಕು, ಈ ಪುಟ ಎಂದಿಗೂ ಆಗುತ್ತಿರಲಿಲ್ಲ. ಮನೆಯವರು ಕೇಳಿದರೆ ಇನ್ನೂ ತಿದ್ದುತ್ತಿದ್ದೇನೆಂಬ ಉತ್ತರ ಸಿದ್ಧವಾಗಿರುತ್ತಿತ್ತು. ಕೆಲವು ತಿಂಗಳ ನಂತರ ಕೇಳುವವರೂ ಬಿಟ್ಟರು.

ಇಂಥ ಸ್ಥಿತಿಯಲ್ಲಿರುವವರು ಸುಮ್ಮನೆ ಇರುವುದಿಲ್ಲ. ತಮ್ಮ ಅಶಕ್ತಿಗೆ ಒಂದಾದ ಮೇಲೊಂದು ಕಾರಣ ಹುಡುಕುತ್ತಾರೆ. ಮಾಸ್ತರರು ಹುಡುಕಿದ ಮೊದಲ ಕಾರಣ ಭಾಷೆ. ಅಥಣಿ ಸೀಮೆಯ ಮಾತಿನಲ್ಲಿ ಮರಾಠಿ ಬೆರೆತಿದೆ, ಪದಗಳ ಬಾಲ ತುಂಡಾಗಿದೆ, ಇದರಲ್ಲಿ ಬರೆದರೆ ದೂರದ ಓದುಗರು ನಗುತ್ತಾರೆ, ಗ್ರಂಥಸ್ಥ ಭಾಷೆಯಲ್ಲಿ ಬರೆದರೆ ತಾಯಿ ತಾಯಿಯಂತೆ ಕಾಣುವುದಿಲ್ಲ. ಈ ಸಂದೇಹ ಸುಳ್ಳಲ್ಲ. ಆದರೆ ಇದಕ್ಕೆ ಉತ್ತರ ಬಹಳ ದೂರದಲ್ಲಿರಲಿಲ್ಲ. ಅದೇ ಅಥಣಿ ಸೀಮೆಯ, ಈಗ ಕಾಗವಾಡ ತಾಲ್ಲೂಕಿಗೆ ಸೇರಿದ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿದ ಮಿರ್ಜಿ ಅಣ್ಣಾರಾಯರು ಸಹ ಶಾಲಾ ಶಿಕ್ಷಕರೇ. 1940ರ ದಶಕದಲ್ಲಿ ಪ್ರಕಟವಾದ ಅವರ ‘ನಿಸರ್ಗ’ ಕಾದಂಬರಿ ಈ ಗಡಿಸೀಮೆಯ ಒಕ್ಕಲು ಮನೆತನಗಳ ಬದುಕನ್ನು ಈ ಸೀಮೆಯ ಆಡುಮಾತಿನಲ್ಲಿಯೇ ಕನ್ನಡ ಸಾಹಿತ್ಯದ ಅಂಗಳಕ್ಕೆ ತಂದಿತು. ಶಿಕ್ಷಕರ ಜೀವನವನ್ನು ಕುರಿತೇ ‘ರಾಮಣ್ಣ ಮಾಸ್ತರು’ ಎಂಬ ಕಾದಂಬರಿ ಬರೆದರು. ಜೈನ ಧರ್ಮವನ್ನು ಕುರಿತು ಗ್ರಂಥ ರಚಿಸಿದ ಅವರು 1975ರಲ್ಲಿ ತೀರಿಕೊಂಡರು. ಅಣ್ಣಾರಾಯರು ಬರೆಯುವಾಗ ಈ ಮಾತಿಗೆ ಸಾಹಿತ್ಯದಲ್ಲಿ ಇನ್ನೂ ದೊಡ್ಡ ಮರ್ಯಾದೆ ಇರಲಿಲ್ಲ. ಅದು ಬರಲೆಂದು ಅವರು ಕಾಯುತ್ತ ಕುಳಿತಿದ್ದರೆ ಯಾರು ತಂದುಕೊಡುತ್ತಿದ್ದರು?

‘ನಿಸರ್ಗ’ವನ್ನು ಮಾಸ್ತರರು ವಿದ್ಯಾರ್ಥಿದೆಸೆಯಲ್ಲಿಯೇ ಓದಿದ್ದರು. ಓದಿ ಅಭಿಮಾನಪಟ್ಟಿದ್ದರು. ವಿಚಿತ್ರವೆಂದರೆ, ಬರೆಯಲು ಕುಳಿತ ಮೇಲೆ ಅದೇ ಪುಸ್ತಕ ಅವರನ್ನು ಇನ್ನಷ್ಟು ಕುಗ್ಗಿಸಿತು. ಅಂಥದ್ದು ಆಗಲೇ ಬರೆದಾಗಿದೆ, ಅದಕ್ಕಿಂತ ಕಡಿಮೆಯದನ್ನು ಬರೆದು ಪ್ರಯೋಜನವೇನು? ಸಂದೇಹ ಬೇರೂರಿದ ಮನಸ್ಸಿಗೆ ಔಷಧವೂ ರೋಗವಾಗಿ ಪರಿಣಮಿಸುವುದು ಹೀಗೆ.

ಎರಡನೆಯ ಆಶ್ರಯ ನಿಧಾನವಾಗಿ ಬರೆದ ಮಹನೀಯರದ್ದು. ವಿಜಯಪುರ ಜಿಲ್ಲೆಯ ಇಂಡಿಯವರಾದ ರಾಘವೇಂದ್ರ ಖಾಸನೀಸರು ಗ್ರಂಥಪಾಲಕರಾಗಿ ಸಾವಿರಾರು ಪುಸ್ತಕಗಳ ನಡುವೆ ಬದುಕಿ, 2007ರಲ್ಲಿ ನಿಧನರಾಗುವವರೆಗೆ ಬರೆದ ಕಥೆಗಳು ಒಂದೆರಡು ಸಂಪುಟಗಳಿಗೆ ಸಾಲುವಷ್ಟು ಮಾತ್ರ. ‘ತಬ್ಬಲಿಗಳು’ ಓದಿದವರು ಅವರನ್ನು ಮರೆಯುವುದಿಲ್ಲ. ರೋಮಿನ ಮಹಾಕವಿ ವರ್ಜಿಲ್ ತನ್ನ ಮಹಾಕಾವ್ಯ ಪೂರ್ಣವಾಗಿಲ್ಲವೆಂದು ಅದನ್ನು ಸುಟ್ಟುಬಿಡಲು ಬಯಸಿದ್ದನಂತೆ, ಚಕ್ರವರ್ತಿ ಒಪ್ಪಲಿಲ್ಲ. 1924ರಲ್ಲಿ ತೀರಿಕೊಂಡ ಕಾಫ್ಕಾ ತನ್ನ ಹಸ್ತಪ್ರತಿಗಳನ್ನು ಸುಡುವಂತೆ ಗೆಳೆಯನಿಗೆ ಬರೆದಿಟ್ಟಿದ್ದ, ಗೆಳೆಯ ಮರುವರ್ಷವೇ ಒಂದು ಕಾದಂಬರಿಯನ್ನು ಅಚ್ಚು ಹಾಕಿಸಿದ. ಇವರ ಹೆಸರುಗಳನ್ನು ಮಾಸ್ತರರು ಆಗಾಗ ಹೇಳಿಕೊಳ್ಳುತ್ತಿದ್ದರು. ಆದರೆ ಖಾಸನೀಸರು ಕಡಿಮೆ ಬರೆದರೂ ಮುಗಿಸಿದರು, ವರ್ಜಿಲನ ಬಳಿ ಸುಡುವುದಕ್ಕಾದರೂ ಒಂದು ಮಹಾಕಾವ್ಯವಿತ್ತು. ಒಂದೇ ಪುಟವನ್ನು ನಾಲ್ಕು ವರ್ಷ ತಿದ್ದುವವನ ಕಷ್ಟ ಬೇರೆ ಜಾತಿಯದು. ಅದಕ್ಕೆ ಆ ಮಹನೀಯರ ಹೆಸರು ಹೊದಿಸುವುದು ಸಲ್ಲದು.

ಬಸವಣ್ಣನವರ ವಚನಕ್ಕೆ ಮರಳೋಣ. ನಾಲ್ಕು ಹೋಲಿಕೆಗಳಲ್ಲಿ ಮೊದಲ ಮೂರು ವಸ್ತುಗಳು, ನಾಲ್ಕನೆಯದು ವಸ್ತುವಲ್ಲ. ಅಲ್ಲಿ ಕೇಳುವವನಿದ್ದಾನೆ, ತಲೆದೂಗುವವನಿದ್ದಾನೆ, ಅವನು ಲಿಂಗ. ಮಾಸ್ತರರು ತಮಗರಿವಿಲ್ಲದೆ ಆ ಸ್ಥಾನದಲ್ಲಿ ಒಬ್ಬ ವಿಮರ್ಶಕನನ್ನು ಕೂರಿಸಿದ್ದರು. ಆತ ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ಇದ್ದಾನೆ, ಎಲ್ಲವನ್ನೂ ಓದಿದ್ದಾನೆ, ಯಾವುದನ್ನೂ ಮೆಚ್ಚುವುದಿಲ್ಲ. ಅಂಥ ಮನುಷ್ಯ ವಾಸ್ತವದಲ್ಲಿ ಎಲ್ಲಿಯೂ ಇಲ್ಲ. ಆದರೂ ಸತ್ತಿಯ ಒಂದು ಕೋಣೆಯಲ್ಲಿ ಆತನ ಆಳ್ವಿಕೆ ನಡೆದಿತ್ತು. ಶರಣರು ವಚನದ ಕೊನೆಗೆ ತಮ್ಮ ಹೆಸರನ್ನು ಹಾಕದೆ ಇಷ್ಟದೈವದ ಅಂಕಿತವನ್ನಿಟ್ಟದ್ದನ್ನು ವಿನಯವೆಂದು ವ್ಯಾಖ್ಯಾನಿಸುವುದುಂಟು. ವಿನಯ ಹೌದು. ಅದಕ್ಕಿಂತ ಮಿಗಿಲಾಗಿ ಅದೊಂದು ವಿಳಾಸ. ಈ ಮಾತು ಯಾರಿಗೆ ಒಪ್ಪಿಸಿದ್ದೆಂಬುದು ಅಂಕಿತದಿಂದ ಗೊತ್ತಾಗುತ್ತದೆ. ವಿಳಾಸ ಸ್ಪಷ್ಟವಿದ್ದ ಪತ್ರವನ್ನು ಬರೆಯಲು ಯಾರೂ ನಾಲ್ಕು ವರ್ಷ ತೆಗೆದುಕೊಳ್ಳುವುದಿಲ್ಲ. ತಾಳ, ಮಾನ, ಗಣಗಳ ಶಾಸ್ತ್ರ ತಮಗೆ ತಿಳಿಯದೆಂದು ಇನ್ನೊಂದು ವಚನದಲ್ಲಿ ಬಸವಣ್ಣನವರೇ ಹೇಳಿಕೊಂಡಿದ್ದಾರಲ್ಲ! ಬಿಜ್ಜಳನ ಭಂಡಾರಿಗಳಾಗಿದ್ದವರಿಗೆ ಲೆಕ್ಕ ಬಾರದೆ ಇತ್ತೆ? ಹಾಡುವಾಗ ಆ ಲೆಕ್ಕ ಬೇಕಿರಲಿಲ್ಲ.

ಹಾಗಾದರೆ ಬಾಯಿಗೆ ಬಂದದ್ದನ್ನು ಬರೆದು ಒಗೆಯಬಹುದೆ? ಶರಣಧರ್ಮ ಅದಕ್ಕೂ ಒಪ್ಪುವುದಿಲ್ಲ. ಕಾಯಕ ಸತ್ಯಶುದ್ಧವಾಗಿರಬೇಕು. ಸೋಮಾರಿಯ ಸಮಾಧಾನಕ್ಕೆ ಶರಣರ ಮಾತು ಬಳಕೆಯಾಗಬಾರದು. ಇಲ್ಲಿ ಆಯ್ದಕ್ಕಿ ಮಾರಯ್ಯನವರು ಮತ್ತು ಲಕ್ಕಮ್ಮ ತಾಯಿಯವರ ಪ್ರಸಂಗವನ್ನು ನೆನೆಯುವುದು ಉಚಿತ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ಮನೆಗೆ ಬಂತು. ಲಕ್ಕಮ್ಮನವರು ಗಂಡನನ್ನು ತಡೆದು, ಹೆಚ್ಚಾದುದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಹೇಳಿದರು. ಈ ಪ್ರಸಂಗವನ್ನು ಆಸೆಯ ನಿರಾಕರಣೆಯೆಂದು ವ್ಯಾಖ್ಯಾನಿಸುವುದು ವಾಡಿಕೆ, ಅದು ಸರಿಯೇ. ಆದರೆ ಇನ್ನೊಂದು ವಿವರವನ್ನೂ ಗಮನಿಸಬೇಕು. ಮಾರಯ್ಯನವರು ಆರಿಸಿದ್ದು ನೆಲಕ್ಕೆ ಬಿದ್ದ ಅಕ್ಕಿ. ಅದರಲ್ಲಿ ನುಚ್ಚೂ ಇರುತ್ತದೆ, ಮಣ್ಣೂ ಇರುತ್ತದೆ. ಮಣ್ಣನ್ನು ತೆಗೆಯುವುದು ಶುದ್ಧಿ. ನುಚ್ಚನ್ನೂ ತೆಗೆದು ಇಡಿಯ ಕಾಳನ್ನಷ್ಟೇ ಬೇಯಿಸುತ್ತೇನೆಂದರೆ ಅಂದಿನ ದಾಸೋಹ ನಡೆಯುವುದಿಲ್ಲ, ಜಂಗಮರು ಹಸಿದು ಹೋಗುತ್ತಾರೆ. ದಿನದ ಅಕ್ಕಿ ದಿನಕ್ಕೆ. ಅಳತೆ ಮೀರಿದ ಆಯ್ಕೆಯೂ ಒಂದು ಬಗೆಯ ಸಂಗ್ರಹವೇ. ಲಕ್ಕಮ್ಮನವರಂಥ ಒಬ್ಬರು ಮಾಸ್ತರರ ಮನೆಯಲ್ಲಿ ಇದ್ದರು. ಅವರಿಗೆ ಕಥೆಯನ್ನು ಯಾರೂ ತೋರಿಸಿರಲಿಲ್ಲ, ಅಷ್ಟೇ.

ಮಾಸ್ತರರ ಮೂರನೆಯ ಸಂದೇಹ ಇನ್ನೂ ಆಳದ್ದು. ಒಂದು ಶ್ರಾವಣ ಸೋಮವಾರ ಮಠಕ್ಕೆ ಬಂದಾಗ ಅವರು ಅದನ್ನು ಹೊರಗೆ ಹಾಕಿದರು. ಕಣ್ಣಾರೆ ಕಾಣದ ಸಂಗತಿಯನ್ನು ಕಂಡಂತೆ ಬರೆಯುವುದು ಸುಳ್ಳಲ್ಲವೆ? ಕಥೆಯೆಂಬುದೇ ಶರಣಧರ್ಮಕ್ಕೆ ಹೊರತಲ್ಲವೆ?

ಈ ಪ್ರಶ್ನೆಗೆ ಶೂನ್ಯಸಂಪಾದನೆಯೇ ಉತ್ತರ ಕೊಡುತ್ತದೆ. ಹನ್ನೆರಡನೆಯ ಶತಮಾನದ ಶರಣರು ವಚನಗಳನ್ನು ನುಡಿದರು. ಯಾವ ವಚನ ಯಾವ ದಿನ, ಯಾರ ಎದುರಿಗೆ, ಯಾವ ಪ್ರಶ್ನೆಗೆ ಉತ್ತರವಾಗಿ ಬಂತೆಂಬುದನ್ನು ಬರೆದಿಡಲಿಲ್ಲ. ಸುಮಾರು ಮುನ್ನೂರು ವರ್ಷಗಳ ನಂತರ ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿಬಿಡಿಯಾಗಿದ್ದ ವಚನಗಳನ್ನು ಎದುರಿಗಿಟ್ಟುಕೊಂಡು, ಅಲ್ಲಮಪ್ರಭುದೇವರು ಕಲ್ಯಾಣಕ್ಕೆ ಬಂದ ಬಗೆಯನ್ನು, ಅಕ್ಕಮಹಾದೇವಿಯವರನ್ನು ಪ್ರಶ್ನಿಸಿದ ಬಗೆಯನ್ನು ಸಂವಾದವಾಗಿ ಕಟ್ಟಿದರು. ಅವರು ಅನುಭವಮಂಟಪದಲ್ಲಿ ಕುಳಿತು ಕೇಳಿದವರಲ್ಲ. ವಚನ ಶರಣರದು, ಸಂದರ್ಭ ಸಂಪಾದಕರದು. ಕಥೆಗಾರನ ಕೆಲಸಕ್ಕೆ ಇದಕ್ಕಿಂತ ಹತ್ತಿರದ ಕಾಯಕ ನಮ್ಮ ಪರಂಪರೆಯಲ್ಲಿ ಬೇರೊಂದಿಲ್ಲವೆಂದರೆ ತಪ್ಪಾಗಲಾರದು. ಮಹಾದೇವಯ್ಯನವರ ಕೃತಿ ದೋಷರಹಿತವಾಗಿತ್ತೆ? ಮುಂದೆ ಬಂದ ಹಲಗೆಯಾರ್ಯರಿಗೆ ಹಾಗೆ ತೋರಲಿಲ್ಲ, ಅವರು ಪರಿಷ್ಕರಿಸಿದರು. ಅನಂತರ ಗುಮ್ಮಳಾಪುರದ ಸಿದ್ಧಲಿಂಗರು, ಅವರ ಬಳಿಕ ಗೂಳೂರು ಸಿದ್ಧವೀರಣ್ಣೊಡೆಯರು ಮತ್ತೆ ಪರಿಷ್ಕರಿಸಿದರು. ಸಿದ್ಧರಾಮೇಶ್ವರರ ದೀಕ್ಷೆಯ ಪ್ರಸಂಗದಂಥ ಮುಖ್ಯ ವಿಷಯದಲ್ಲಿಯೇ ಈ ಪಾಠಗಳ ನಡುವೆ ಭೇದವಿದೆ. ಎಲ್ಲ ಆಕ್ಷೇಪಗಳನ್ನೂ ತಾವೇ ಮುಂಚಿತವಾಗಿ ನಿವಾರಿಸಿದ ಮೇಲೆ ಕೃತಿಯನ್ನು ಹೊರಗೆ ಕೊಡುತ್ತೇನೆಂದು ಮಹಾದೇವಯ್ಯನವರು ಹಟ ಹಿಡಿದಿದ್ದರೆ ಉಳಿದ ಮೂವರಿಗೆ ತಿದ್ದಲು ಏನೂ ಇರುತ್ತಿರಲಿಲ್ಲ, ಭಕ್ತರಿಗೆ ಓದಲು ಏನೂ ಇರುತ್ತಿರಲಿಲ್ಲ.

ಈ ಉತ್ತರ ಮಾಸ್ತರರಿಗೆ ಹಿತವೆನಿಸಿತು. ಊರಿಗೆ ಹೋಗಿ ಮತ್ತೆ ಬರೆಯಲು ಕುಳಿತರು. ಕಣ್ಣಿಯ ಗಂಟಿನ ವಾಕ್ಯಕ್ಕೆ ಬಂದು ಮತ್ತೆ ನಿಂತರು.

2024ರ ಶ್ರಾವಣದ ಒಂದು ಸಂಜೆ ವಿದ್ಯುತ್ ಹೋಗಿತ್ತು. ತಾಯಿ ಕಟ್ಟೆಯ ಮೇಲೆ ಕುಳಿತಿದ್ದರು. ಮಗ ಪುಟಗಳನ್ನು ಹರಿಯುತ್ತಿರುವ ಸದ್ದು ಒಳಗಿನಿಂದ ಕೇಳಿಸಿತು. ಎಷ್ಟೋ ವರ್ಷಗಳಿಂದ ಆ ಸದ್ದನ್ನು ಕೇಳಿದ್ದ ಅವರು ಅಂದು ಕರೆದರು.

“ತಮ್ಮಾ, ಹರಿಯೂಕಿಂತ ಮೊದಲ ಒಂದ ಸಲ ಓದಿ ಹೇಳು. ಏನ ಹರೀತಿ ಅಂತ ನನಗೂ ಗೊತ್ತಾಗ್ಲಿ.”

“ಇನ್ನೂ ಮುಗದಿಲ್ಲವ್ವಾ.”

“ಮುಗೀಲಾರದ್ದನ್ನ ಓದು.”

ಮೊಬೈಲಿನ ಬೆಳಕಿನಲ್ಲಿ ಮಾಸ್ತರರು ಓದಿದರು. ನೀರು ಏರುವ ಸದ್ದನ್ನು ಓದಿದರು, ಬೆಳುದಿಂಗಳನ್ನು ಓದಿದರು, ತಾಯಿ ನೀರಿಗಿಳಿದದ್ದನ್ನು, ಮಗ ಕಂದೀಲು ಎತ್ತಿ ಹಿಡಿದದ್ದನ್ನು, ಕಣ್ಣಿಯ ಗಂಟು ಮೆಲ್ಲಗೆ ಬಿಚ್ಚಿಕೊಂಡದ್ದನ್ನು ಓದಿದರು. ತಾಯಿ ಸುಮ್ಮನೆ ಕೇಳಿದರು. ನಾಲ್ಕು ವರ್ಷ ಮಗನನ್ನು ಕಾಡಿದ ಉಪಮೆಗಳಲ್ಲಿ ಒಂದರ ಬಗೆಗೂ ಅವರು ಏನೂ ಹೇಳಲಿಲ್ಲ. ಭಾಷೆಯ ಬಗೆಗೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

“ಬೆಳದಿಂಗಳ ಎಲ್ಲಿತ್ತೋ? ಜಡಿಮಳಿ ಹಿಡದಿತ್ತು, ಕಣ್ಣಾಗ ಬೆರಳಿಟ್ರ ಕಾಣತಿರಲಿಲ್ಲ. ಕಣ್ಣಿ ನಾ ಬಿಚ್ಚಿಲ್ಲಪಾ. ನೀರಾಗ ನೆಂದು ಗಂಟ ಕಲ್ಲಾಗಿತ್ತು. ಕುಡಗೋಲಲೇ ಕೊಯ್ದೆ. ಕೈ ತಪ್ಪಿ ಎಮ್ಮಿ ಕೊಳ್ಳಿಗೂ ತಾಗಿತು. ಆ ಕಲೆ ಇನ್ನೂ ಐತಿ, ದಿನಾ ಮೇವ ಹಾಕ್ತಿ, ನೋಡಿಲ್ಲೇನು?”

ಮಾಸ್ತರರು ನೋಡಿದ್ದರು. ಕೊರಳಿನ ಎಡಭಾಗದಲ್ಲಿ ಕೂದಲು ಬಾರದ ಒಂದು ಗೆರೆ ಇತ್ತು. ಅದು ಹೇಗಾಯಿತೆಂದು ಐದು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಏಕೆ ಕೇಳಿರಲಿಲ್ಲವೆಂಬುದು ತಾಯಿಯ ಮುಂದಿನ ಮಾತಿನಿಂದ ಅವರಿಗೆ ತಿಳಿಯಿತು.

“ಕಂದೀಲ ಯಾರ ಕೈಯಾಗಿತ್ತು? ನೀ ಅವತ್ತ ಇಲ್ಲಿ ಇರಲಿಲ್ಲಲ್ಲ.”

ಆಕ್ಷೇಪಣೆಯ ದನಿಯಲ್ಲಿ ಅವರು ಕೇಳಲಿಲ್ಲ. ಲೆಕ್ಕ ತಪ್ಪಿದ್ದನ್ನು ತೋರಿಸಿದಂತೆ ಕೇಳಿದರು. ಆ ರಾತ್ರಿ ಮಾಸ್ತರರು ಬೇರೆ ಊರಿನ ಪರಿಹಾರ ಕೇಂದ್ರದಲ್ಲಿ ಕರ್ತವ್ಯದ ಮೇಲಿದ್ದರು. ಪರಊರಿನ ನೂರಾರು ಜನರ ಹೆಸರು ಬರೆದುಕೊಂಡು, ಚಾಪೆ ಹಂಚಿ, ಅನ್ನ ಬಡಿಸುತ್ತಿದ್ದಾಗ ಅವರ ಸ್ವಂತ ತಾಯಿ ಒಬ್ಬರೇ ಕತ್ತಲೆಯಲ್ಲಿ ನೀರಿಗಿಳಿದಿದ್ದರು. ಅದು ಅವರ ತಪ್ಪಲ್ಲ. ರಸ್ತೆ ಮುಳುಗಿತ್ತು, ದೂರವಾಣಿ ಸತ್ತಿತ್ತು. ಆದರೂ ಆ ಗೈರುಹಾಜರಿ ಮನಸ್ಸಿನ ಯಾವುದೋ ಮೂಲೆಯಲ್ಲಿ ಕುಳಿತುಬಿಟ್ಟಿತ್ತು. ಕಥೆ ಬರೆಯುವಾಗ ಅವರು ತಮ್ಮ ಕೈಗೆ ಒಂದು ಕಂದೀಲು ಕೊಟ್ಟು ತಮ್ಮನ್ನು ತಾಯಿಯ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಕಂದೀಲು ಬಂದ ಮೇಲೆ ಬೆಳಕು ಬೇಕಾಯಿತು, ಬೆಳಕು ಬಂದ ಮೇಲೆ ಚೆಲುವು ಬೇಕಾಯಿತು, ಚೆಲುವಿನಲ್ಲಿ ಕುಡಗೋಲಿಗೆ ಸ್ಥಳವಿರಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಮಹಾದೇವಯ್ಯನವರೂ ಕಾಣದ್ದನ್ನು ಕಟ್ಟಿದರು, ಮಾಸ್ತರರೂ ಕಟ್ಟಿದರು. ಒಂದು ಸಲ್ಲುತ್ತದೆ, ಒಂದು ಏಕೆ ಸಲ್ಲುವುದಿಲ್ಲ? ಸಂಪಾದನೆಯಲ್ಲಿನ ಕಲ್ಪನೆ ಶರಣರ ನಿಜವನ್ನು ಎದ್ದು ಕಾಣಿಸಲೆಂದು ಬಂದದ್ದು, ಅಲ್ಲಿ ಮಹಾದೇವಯ್ಯನವರು ಎಲ್ಲಿಯೂ ತಮ್ಮನ್ನು ಮರೆಮಾಡಿಕೊಳ್ಳಲಿಲ್ಲ. ಮಾಸ್ತರರ ಕಂದೀಲು ಮಾಸ್ತರರನ್ನು ಮರೆಮಾಡಿತು, ಜೊತೆಗೆ ತಾಯಿಯ ಕಾಯಕವನ್ನೂ ಮರೆಮಾಡಿತು. ನಿಂತಿರದ ಮಗ ನಿಂತಂತೆ ಬರೆಯುವುದು ಕಥೆಗೆ ನಿಷಿದ್ಧವೇನಲ್ಲ. ಬೇರೊಬ್ಬ ಲೇಖಕನ ಕೈಯಲ್ಲಿ ಅದೇ ಕಂದೀಲು ನಿಜವಾಗಿ ಉರಿದೀತು. ಇವರ ಕೈಯಲ್ಲಿ ಅದು ಉರಿಯಲಿಲ್ಲ, ಏಕೆಂದರೆ ಇವರು ಅದನ್ನು ಹಿಡಿದದ್ದು ತಮ್ಮ ಮುಖ ಕಾಣದಿರಲೆಂದು. ವಾಕ್ಯ ಪ್ರತಿ ಸಲವೂ ಸೋಲುತ್ತಿದ್ದುದನ್ನು ಅವರು ತಮ್ಮ ಪ್ರತಿಭೆಯ ಕೊರತೆಯೆಂದು ತಿಳಿದಿದ್ದರು. ಅದು ಕೊರತೆಯಲ್ಲ, ಒಳಗಿನ ಅರಿವು ಮಾಡುತ್ತಿದ್ದ ಪ್ರತಿಭಟನೆ. ನುಡಿಯೊಳಗೆ ನಡೆ ಇರಲಿಲ್ಲ. ಗೋಡೆಯ ಮೇಲೆ ಅರ್ಧಕ್ಕೆ ನಿಂತಿದ್ದ ವಚನ ಇಷ್ಟು ವರ್ಷ ಹೇಳಲು ಯತ್ನಿಸುತ್ತಿದ್ದುದು ಅದನ್ನೇ. ಮುತ್ತನ್ನು ಎಷ್ಟು ಉಜ್ಜಿದರೂ ದಾರವಿಲ್ಲದೆ ಹಾರವಾಗುವುದಿಲ್ಲ.

ಆ ರಾತ್ರಿಯೇ ಮಾಸ್ತರರು ಕಂದೀಲನ್ನು ತೆಗೆದುಹಾಕಿದರು. ಮಗ ಬೇರೆ ಊರಿನಲ್ಲಿ ಪರರ ಮಕ್ಕಳಿಗೆ ಅನ್ನ ಬಡಿಸುತ್ತಿದ್ದಾನೆ, ಇಲ್ಲಿ ತಾಯಿ ಕುಡಗೋಲು ಹುಡುಕುತ್ತಿದ್ದಾಳೆ ಎಂದು ಕಥೆ ತೊಡಗಿತು. ತಾಯಿಯ ಮಾತನ್ನು ತಾಯಿ ಆಡಿದಂತೆಯೇ ಬರೆದರು. ಭಾಷೆಯ ಸಮಸ್ಯೆ ಎಲ್ಲಿ ಹೋಯಿತೋ ಅವರಿಗೂ ತಿಳಿಯಲಿಲ್ಲ. ಒಂಬತ್ತು ದಿನಗಳಲ್ಲಿ ಹದಿನಾಲ್ಕು ಪುಟ ಆದವು. ಸಂದೇಹ ಸಂಪೂರ್ಣ ತೊಲಗಿತೆಂದು ತಿಳಿಯಬಾರದು. ಐದನೆಯ ಪುಟದಲ್ಲಿ ಒಂದು ಉಪಮೆ ಹದ ತಪ್ಪಿದೆ, ಅದು ಅವರಿಗೂ ಗೊತ್ತಿದೆ, ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಮಠಕ್ಕೆ ತಂದು ಪ್ರತಿಯನ್ನು ಶ್ರೀಗಳ ಮುಂದಿಟ್ಟಾಗ ಅವರ ಕೈ ನಡುಗುತ್ತಿದ್ದುದನ್ನು ಅಂದು ಪ್ರಸಾದಕ್ಕೆ ಕುಳಿತಿದ್ದವರೆಲ್ಲರೂ ಕಂಡರು. ಆದರೂ ಇಟ್ಟರು. ಒಂದು ಪತ್ರಿಕೆಗೆ ಕಳುಹಿಸಿದ್ದು ಮರಳಿ ಬಂತು, ಮತ್ತೊಂದಕ್ಕೆ ಕಳುಹಿಸಿದ್ದಾರೆ. ಗೋಡೆಯ ಮೇಲಿನ ಕಾಗದದಲ್ಲಿ ಉಳಿದಿದ್ದ ಖಾಲಿ ಜಾಗದಲ್ಲಿ, ಅಕ್ಷರ ಸಣ್ಣದಾದರೂ ಚಿಂತೆಯಿಲ್ಲವೆಂದು, ವಚನದ ಕೊನೆಯ ಭಾಗವನ್ನು ತುರುಕಿ ಬರೆದಿದ್ದಾರೆ. ದುಂಡಗೆ ಬಂದಿಲ್ಲ.

ಮುಗಿದ ಕಥೆಯನ್ನು ತಾಯಿಗೆ ಓದಿ ಹೇಳಿದ ದಿನ ಅವರು ಕುಡಗೋಲು ಬಂದ ಕಡೆ ತಲೆಯಾಡಿಸಿದರಂತೆ. ಪೂರ್ತಿ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೊಂದು ತಪ್ಪು ಹಿಡಿದರು.

“ಎಮ್ಮಿ ಗಬ್ಬ ಇತ್ತಲ್ಲೋ ಅವತ್ತ. ಅದನ್ನ ಬರದೇ ಇಲ್ಲ. ಮುಂದ ಕರು ಹಾಕಿದ್ದು ಯಾರ ಬರೀಬೇಕು?”

ಅದು ಇನ್ನೊಂದು ಕಥೆಯಾಗುತ್ತದವ್ವಾ ಎಂದು ಮಾಸ್ತರರು ಹೇಳಿದರು.

“ಹಂಗಾರ ನಾಳಿಂದ ಹಚ್ಚು” ಎಂದು ತಾಯಿ ಎದ್ದು ಹಾಲು ಹಿಂಡಲು ಹೋದರು.